ಗೌರವ ಪ್ರತಿಯಲ್ಲಿ ಗೌರವ ಎಲ್ಲಿದೆ?

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಆಫೀಸಲ್ಲಿ ಒಂದರ ಹಿಂದೆ ಒಂದು ರಿಲೀಸು, ರಾತ್ರಿ ಹನ್ನೊಂದಕ್ಕೆ ಕಾಲ್, ಶನಿವಾರ ಬಗ್ ಫಿಕ್ಸು... ಇದೆಲ್ಲಾ ನೆಪ ಅಂತ ನಿಮಗೂ ಗೊತ್ತು, ನನಗೂ ಗೊತ್ತು :-) ನಿಜವಾದ ಕಾರಣ ನನ್ನ ಮಂಚದ ಕೆಳಗಿದೆ. ಆರು ರಟ್ಟಿನ ಡಬ್ಬ. ಅದರಲ್ಲಿ ನನ್ನದೇ ಪುಸ್ತಕದ 319 ಪ್ರತಿಗಳು. ಕಸ ಗುಡಿಸುವಾಗ ಪೊರಕೆ ಆ ಡಬ್ಬಕ್ಕೆ ತಾಗಿದಾಗಲೆಲ್ಲ, ಇನ್ನು ಬರೆಯೋದು ಯಾಕೆ ಅನ್ನಿಸ್ತಿತ್ತು.

ಮೊನ್ನೆ ಭಾನುವಾರ ಅದೇ ಡಬ್ಬಗಳ ಮೇಲೆ ಕಾಲು ಚಾಚಿ ಕೂತು ಯೋಚಿಸಿದ್ದನ್ನು ಇಲ್ಲಿ ಬರೀತಿದ್ದೀನಿ. ಸ್ವಲ್ಪ ಖಾರ ಇರಬಹುದು. ಆದರೆ ಮೊದಲ ಖಾರ ನನಗೇ.

ನಿಮ್ಮಲ್ಲಿ ಕೆಲವರಿಗೆ ಗೊತ್ತಿರುವ ಹಾಗೆ ನಾನು ಹೋದ ವರ್ಷ ಒಂದು ಕಥಾ ಸಂಕಲನ ಮಾಡಿಸಿದೆ. "ಮಾಡಿಸಿದೆ" ಅಂತಲೇ ಹೇಳ್ತೀನಿ, "ಪ್ರಕಟವಾಯಿತು" ಅನ್ನೋಕೆ ಬಾಯಿ ಬರಲ್ಲ. ಕೈಯಿಂದ 41,000 ರೂಪಾಯಿ ಹಾಕಿ 500 ಪ್ರತಿ ಅಚ್ಚು ಹಾಕಿಸಿದ್ದು. ಪ್ರೆಸ್ಸಿನವರು ಹೇಳಿದ ಮೊದಲ ಮಾತೇ "ಲೈಬ್ರರಿ ಆರ್ಡರ್ ಸಿಕ್ಕರೆ ನಿಮ್ಮ ದುಡ್ಡು ವಾಪಸ್ ಬಂದ ಹಾಗೇ ಸರ್" ಅಂತ. ಯಾರು ಓದ್ತಾರೆ ಅನ್ನೋ ಪ್ರಶ್ನೆಯನ್ನು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಇಂಜಿನಿಯರ್ ಅಲ್ವಾ, ನನ್ನ ತಲೆ ಎಲ್ಲಾ ಬೇರೆ ಕಡೆ ಇತ್ತು. ನಾನು ಟೈಪ್ ಮಾಡಿದ್ದು ಯೂನಿಕೋಡಿನಲ್ಲಿ. ಅಲ್ಲಿ ಡಿಟಿಪಿ ಮಾಡೋದು ಹಳೇ ನುಡಿ ಫಾಂಟಿನಲ್ಲಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಅಕ್ಷರದ ಮಧ್ಯೆ ಕಣ್ಣಿಗೆ ಕಾಣದೆ ಕೂತು ಒತ್ತಕ್ಷರ ಆಗದಂತೆ ತಡೆಯೋ ಚಿಹ್ನೆ ಮಾಯ. "ಸಾಫ್ಟ್‌ವೇರ್" ಹೋಗಿ "ಸಾಫ್ಟ್ವೇರ್" ಆಗಿತ್ತು. ಅಂಥ ಪದಗಳನ್ನೆಲ್ಲ ಹುಡುಕೋಕೆ ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಇನ್ನೂರಕ್ಕೂ ಹೆಚ್ಚು ತಪ್ಪು ಹಿಡಿದೆ. ಏನು ಖುಷಿ ಅಂತೀರಿ! ಪುಸ್ತಕ ಈಗ "ಬಗ್ ಫ್ರೀ" ಅಂತ ಗೆಳೆಯರಿಗೆ ಮೆಸೇಜು ಬೇರೆ ಹಾಕಿದ್ದೆ.

ಆಮೇಲೆ ಫಾರಂ ಲೆಕ್ಕ. ಪುಸ್ತಕ ಮಾಡಿಸಿದವರಿಗೆ ಗೊತ್ತಿರುತ್ತೆ, ಡೆಮಿ 1/8 ಸೈಜಿನಲ್ಲಿ ಒಂದು ಫಾರಂ ಅಂದರೆ 16 ಪುಟ. ನನ್ನದು 137 ಪುಟಕ್ಕೆ ನಿಂತಿತ್ತು. ಒಂಬತ್ತು ಫಾರಂ ಅಂದರೆ 144. "ಏಳು ಪುಟ ಯಾಕೆ ಸರ್ ಖಾಲಿ ಬಿಡ್ತೀರಾ, ಇನ್ನೊಂದು ಕಥೆ ಹಾಕಿಬಿಡಿ" ಅಂದರು. ನಾನು ಒಂದು ವೀಕೆಂಡಿನಲ್ಲಿ ಕೂತು ಏಳು ಪುಟಕ್ಕೆ ಸರಿಯಾಗಿ ಹೊಂದೋ ಹಾಗೆ ಒಂದು ಕಥೆ ಹೊಸೆದೆ. ಬಟ್ಟೆ ಉಳಿದಿದೆ ಅಂತ ಟೈಲರ್ ಒಂದು ಕರವಸ್ತ್ರ ಹೊಲಿದು ಕೊಡ್ತಾನಲ್ಲ, ಹಾಗೆ. ಅದು ಹನ್ನೆರಡನೇ ಕಥೆ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬಿಡುಗಡೆ ಆಯ್ತು. ಉಪ್ಪಿಟ್ಟು ಕೇಸರಿಬಾತ್ ಚೆನ್ನಾಗಿತ್ತು ಅಂತ ಎಲ್ಲರೂ ಹೇಳಿದರು. ಅವತ್ತು ಮತ್ತು ಅದರ ಹಿಂದೆ ಮುಂದೆ ಸೇರಿ 120 ಪ್ರತಿ ನಾನೇ ಹಂಚಿದೆ. ಒಳಪುಟದಲ್ಲಿ "ಗೌರವ ಪ್ರತಿ" ಅಂತ ಬರೆದು, "ಪ್ರೀತಿಯಿಂದ" ಅಂತ ಸಹಿ ಹಾಕಿ. ಟೀಮಿನವರಿಗೆ, ಕಾಲೇಜಿನ ರೂಮ್‌ಮೇಟುಗಳಿಗೆ, ಸೋದರಮಾವನಿಗೆ, ಸೋದರಮಾವನ ಬೀಗರಿಗೆ! ಕನ್ನಡ ಓದೋಕೆ ಬಾರದ ನನ್ನ ಮ್ಯಾನೇಜರಿಗೂ ಒಂದು. ಎಲ್ಲರೂ ಪುಸ್ತಕ ಹಿಡಿದು ಫೋಟೋ ತೆಗೆಸಿಕೊಂಡರು. ಸ್ಟೇಟಸ್ಸಿಗೆ ಹಾಕಿದರು. "ಸೂಪರ್ ಮಗಾ" ಅಂದರು. ಇಪ್ಪತ್ನಾಲ್ಕು ಗಂಟೆಗೆ ಸ್ಟೇಟಸ್ಸೂ ಹೋಯ್ತು, ಪುಸ್ತಕದ ಮಾತೂ ಹೋಯ್ತು.

ಮೂರು ತಿಂಗಳಾದ ಮೇಲೆ ಆ 120 ಜನರಲ್ಲಿ ಎಷ್ಟು ಮಂದಿ ಒಂದು ಕಥೆಯ ಬಗ್ಗೆಯಾದರೂ ನನ್ನ ಹತ್ರ ಮಾತಾಡಿದರು ಗೊತ್ತಾ? ನಾಲ್ಕು. ಅದರಲ್ಲಿ ಒಬ್ಬಳು ನನ್ನ ಅಮ್ಮ. ಅವಳೂ ಕೇಳಿದ್ದು "ಆ ಕಥೇಲಿ ಕುಡಿಯೋನು ನಿಮ್ಮ ಚಿಕ್ಕಪ್ಪ ತಾನೇ, ಅವನಿಗೆ ಗೊತ್ತಾದ್ರೆ ಏನೋ ಗತಿ?" ಅಂತ.

ಕೋಪ ಬಂತು. ಕನ್ನಡದವರು ಓದಲ್ಲ, ಕನ್ನಡಕ್ಕೆ ಓದುಗರೇ ಇಲ್ಲ, ಅಂತ ಉದ್ದುದ್ದ ಒಂದು ಬರಹವನ್ನೂ ಬರೆದಿಟ್ಟುಕೊಂಡಿದ್ದೆ. ಇಲ್ಲಿ ಹಾಕೋಣ ಅಂತಲೇ ಇದ್ದೆ. ಅಷ್ಟರಲ್ಲಿ ನನ್ನ ಕಣ್ಣು ನನ್ನದೇ ಕಪಾಟಿನ ಕೆಳಗಿನ ಅರೆಯ ಮೇಲೆ ಬಿತ್ತು.

ಅದು ನನಗೆ ಬಂದ ಗೌರವ ಪ್ರತಿಗಳ ಅರೆ. ಎಣಿಸಿದೆ. 34. ಪೂರ್ತಿ ಓದಿದ್ದು 5. ಹನ್ನೊಂದು ಪುಸ್ತಕ ಮುನ್ನುಡಿ ದಾಟಿಲ್ಲ. ಕೆಲವಂತೂ ಹೊಸದರಲ್ಲಿ ಪುಟ ಅಂಟಿಕೊಂಡಿರುತ್ತಲ್ಲ, ಹಾಗೇ ಇವೆ. ಇನ್ನೂ ನಾಚಿಕೆಯ ವಿಷಯ ಹೇಳಿಬಿಡ್ತೀನಿ. ಅದರಲ್ಲಿ ಎರಡು ಪುಸ್ತಕಗಳ ಬಗ್ಗೆ ನಾನು ಇಲ್ಲೇ ಹೊಗಳಿ ಬರೆದಿದ್ದೀನಿ. ಮುನ್ನುಡಿ, ಬೆನ್ನುಡಿ, ಮೊದಲ ಕಥೆ ಇಷ್ಟನ್ನು ಓದಿಕೊಂಡು. "ನವಿರು ಭಾವಗಳ", "ಭರವಸೆಯ ಕಥೆಗಾರ" ಅಂತೆಲ್ಲ. ಆ ಇಬ್ಬರೂ ಇದನ್ನು ಓದ್ತಾ ಇರಬಹುದು. ಕ್ಷಮಿಸಿ. ಹೆಸರು ಹೇಳಲ್ಲ. ಆದರೆ ಆ ಎರಡೂ ಬರಹಗಳನ್ನು ನಿನ್ನೆ ತೆಗೆದುಹಾಕಿದ್ದೀನಿ. ಪುಸ್ತಕ ಓದಿ ಮುಗಿಸಿದ ಮೇಲೆ ಮತ್ತೆ ಬರೀತೀನಿ.

ಅಂದರೆ ನನ್ನ ಪುಸ್ತಕಕ್ಕೆ ಬೇರೆಯವರು ಮಾಡಿದ್ದನ್ನೇ ನಾನು 29 ಪುಸ್ತಕಗಳಿಗೆ ಮಾಡಿದ್ದೆ. ಯಾರೂ ಕೆಟ್ಟವರಲ್ಲ. ನಾನು ಕೊಡೋದು ಮುಲಾಜಿಗೆ, ಅವರು ತಗೊಳ್ಳೋದು ಮುಲಾಜಿಗೆ, ಹೊಗಳೋದೂ ಮುಲಾಜಿಗೆ. ಈ ಮುಲಾಜಿನ ಚಕ್ರದಲ್ಲಿ ಪುಸ್ತಕವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲಾ ಸುತ್ತುತ್ತೆ.

ಈಗ ಜೆರಾಕ್ಸ್ ಅಂಗಡಿ ಅಕ್ಕನ ವಿಷಯಕ್ಕೆ ಬರ್ತೀನಿ.

ನಮ್ಮ ರೂಮಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಇದೆ. ನನ್ನ ಹಸ್ತಪ್ರತಿಯ ಪ್ರಿಂಟ್ ತೆಗೆಸಿದ್ದು ಅಲ್ಲೇ. ಪುಸ್ತಕ ಬಂದ ಮೇಲೆ ಒಂದಿನ ಬಾಡಿಗೆ ಕರಾರು ಪತ್ರ ಜೆರಾಕ್ಸ್ ಮಾಡಿಸೋಕೆ ಹೋದೆ. ಬ್ಯಾಗಿನಲ್ಲಿ ಪುಸ್ತಕ ಇತ್ತು. ಅಭ್ಯಾಸ ಬಲ, ತೆಗೆದು ಕೊಟ್ಟೆ. "ತಗೊಳ್ಳಿ ಅಕ್ಕ, ನೀವೇ ಪ್ರಿಂಟ್ ಕೊಟ್ಟಿದ್ರಲ್ಲ, ಅದು ಪುಸ್ತಕ ಆಯ್ತು."

ಅಕ್ಕ ತಿರುಗಿಸಿ ನೋಡಿದರು. "ರೇಟೆಷ್ಟು ಸರ್?"

"ಅಯ್ಯೋ, ದುಡ್ಡು ಬೇಡ ಅಕ್ಕ. ಸುಮ್ನೆ ಇಟ್ಕೊಳ್ಳಿ."

"ನೀವು ಯಾವತ್ತಾದ್ರೂ ನನ್ನ ಹತ್ರ ಒಂದು ಜೆರಾಕ್ಸ್ ಬಿಟ್ಟಿ ಕೇಳಿದ್ದೀರಾ? ಮತ್ತೆ ನಾನ್ಯಾಕೆ ಬಿಟ್ಟಿ ತಗೊಳ್ಳಿ?" ಅಂತ ಹಿಂದೆ ತಿರುಗಿಸಿ, ಬೆಲೆ ನೋಡಿ, ಗಲ್ಲದಿಂದ ನೂರೈವತ್ತು ರೂಪಾಯಿ ತೆಗೆದು ಕೊಟ್ಟರು. ಸಹಿ ಹಾಕಿ ಅಂತಲೂ ಕೇಳಲಿಲ್ಲ.

ಎರಡು ವಾರ ಬಿಟ್ಟು ಆಧಾರ್ ಜೆರಾಕ್ಸಿಗೆ ಅಂತ ಹೋದರೆ ಮೊದಲ ಪ್ರಶ್ನೆ: "ಸರ್, ಅರವತ್ಮೂರನೇ ಪುಟದಲ್ಲಿ ಸಾವಿತ್ರಿ ಇದ್ದೋಳು ಎಪ್ಪತ್ತನೇ ಪುಟಕ್ಕೆ ಹೋಗೋ ಹೊತ್ತಿಗೆ ಸರೋಜ ಹೇಗಾದ್ಲು? ನಾನು ಎರಡು ಸಲ ಹಿಂದಕ್ಕೆ ಹೋಗಿ ಓದ್ದೆ, ಯಾರೋ ಹೊಸಬಳು ಬಂದ್ಲು ಅಂತ."

ನನ್ನ ಸ್ಕ್ರಿಪ್ಟು ಒತ್ತಕ್ಷರ ಹಿಡಿದಿತ್ತು. ಸಾವಿತ್ರಿಯನ್ನು ಹಿಡಿದಿರಲಿಲ್ಲ.

ಆಮೇಲೆ ಸ್ವಲ್ಪ ಯೋಚಿಸಿ ಹೇಳಿದರು: "ಕೊನೇ ಕಥೆ ಯಾಕೋ ಅವಸರದಲ್ಲಿ ಬರೆದ ಹಾಗಿದೆ. ಆ ಹುಡುಗ ವಾಪಸ್ ಮನೆಗೆ ಹೋದ್ನಾ ಇಲ್ವಾ? ನೀವು ಹೇಳೇ ಇಲ್ಲ. ಹೇಳ್ದೇ ಬಿಟ್ಟಿದ್ದು ಬೇಕಂತಲೋ, ಇಲ್ಲಾ ಗೊತ್ತಾಗದೇನೋ?"

ಏಳು ಪುಟ ಮುಗಿದಿತ್ತು ಅಕ್ಕ, ಅದಕ್ಕೇ ಕಥೆಯೂ ಮುಗೀತು ಅಂತ ಹೇಳೋ ಧೈರ್ಯ ನನಗೆ ಇರಲಿಲ್ಲ. ಏನೋ "ಓಪನ್ ಎಂಡಿಂಗ್" ಅಂತ ಗೊಣಗಿದೆ. ಅವರು ನಕ್ಕು, "ಮೂರನೇ ಕಥೆ ಮಾತ್ರ ಎರಡು ಸಲ ಓದಿದೆ. ಅದರಲ್ಲಿ ಅತ್ತೆ ಮಾತಾಡೋದು ನಮ್ಮನೇಲಿ ಮಾತಾಡಿದ ಹಾಗೇ ಇದೆ" ಅಂದರು.

ಆ ಮೂರು ಮಾತಿನಷ್ಟು ಬೆಲೆಬಾಳುವ ವಿಮರ್ಶೆ ನನಗೆ ಇವತ್ತಿನವರೆಗೆ ಎಲ್ಲೂ ಸಿಕ್ಕಿಲ್ಲ. ಮನೆಗೆ ಬಂದು ಯೋಚಿಸಿದೆ. ಹಂಚಿದ 120 ಜನ ಕೇಳದ ಪ್ರಶ್ನೆಯನ್ನು ಇವರು ಹೇಗೆ ಕೇಳಿದರು? ಇವರು ನನಗೆ ಏನೂ ಬಾಕಿ ಇಟ್ಟುಕೊಂಡಿರಲಿಲ್ಲ. ದುಡ್ಡು ಕೊಟ್ಟಿದ್ದಾರೆ, ಲೆಕ್ಕ ಚುಕ್ತಾ. ಇನ್ನು ಮೇಲೆ ಲೆಕ್ಕ ಕೊಡಬೇಕಾದವನು ನಾನು.

ನನ್ನ ವಾದ ಇಷ್ಟೇ. ಗೌರವ ಪ್ರತಿ ಕೊಟ್ಟಾಗ ನಾವು ಓದುಗರಿಗೆ ಪುಸ್ತಕ ಕೊಡ್ತೀವಿ, ಆದರೆ ದೂರುವ ಹಕ್ಕನ್ನು ಕಿತ್ತುಕೊಳ್ತೀವಿ. ದೂರುವ ಹಕ್ಕಿಲ್ಲದವನು ಓದುಗ ಅಲ್ಲ, ನೆಂಟ.

ನಮ್ಮ ಹಿರಿಯರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತೆ. ಗಳಗನಾಥರ ಕಥೆ ನೀವೆಲ್ಲ ಕೇಳಿರ್ತೀರಿ. ವೆಂಕಟೇಶ ತಿರಕೋ ಕುಲಕರ್ಣಿ (1869-1942). ಶಾಲಾ ಮೇಷ್ಟ್ರಾಗಿದ್ದವರು. 1907ರಲ್ಲಿ ಶುರುವಾದ "ಸದ್ಬೋಧ ಚಂದ್ರಿಕೆ" ಮಾಸಪತ್ರಿಕೆ ನಡೆಸಿದವರು. ಕಾದಂಬರಿಗಳನ್ನು ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ತಲೆ ಮೇಲೆ ಹೊತ್ತು ಊರೂರಿಗೆ ಹೋಗಿ ಮಾರಿದರು ಅಂತ ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಹೇಳ್ತಾರೆ. ಚಿಕ್ಕವನಿದ್ದಾಗ ಇದನ್ನು ಕೇಳಿ "ಅಯ್ಯೋ ಪಾಪ, ಎಂಥಾ ಬಡತನ" ಅಂದುಕೊಂಡಿದ್ದೆ. ಈಗ ಹಾಗನ್ನಿಸಲ್ಲ. ಹೊತ್ತುಕೊಂಡು ಹೋಗಿ ಹಂಚಬಹುದಿತ್ತಲ್ಲ? ಹಂಚಲಿಲ್ಲ, ಮಾರಿದರು. ಒಂದು ಮನೆಯ ಜಗಲಿ ಮೇಲೆ ಗಂಟು ಇಳಿಸಿ, ಬೇಕಾ ಬೇಡ್ವಾ ಅಂತ ಕೇಳಿ, ಬೇಡ ಅಂದರೆ ಮತ್ತೆ ಹೊತ್ತುಕೊಂಡು ಮುಂದಿನ ಮನೆಗೆ. ಆ "ಬೇಡ" ಕೇಳಿಸಿಕೊಳ್ಳೋ ಕಿವಿ ಅವರಿಗಿತ್ತು. ನನಗಿಲ್ಲ. ನಾನು ಬಿಟ್ಟಿ ಕೊಡೋದು ಔದಾರ್ಯದಿಂದಲ್ಲ ಸ್ವಾಮಿ, "ಬೇಡ" ಅನ್ನೋದನ್ನು ಕೇಳಿಸಿಕೊಳ್ಳೋಕೆ ಹೆದರಿಕೊಂಡು.

ಧಾರವಾಡದ ಮನೋಹರ ಗ್ರಂಥಮಾಲೆ ನೋಡಿ. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ್ದು. ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು, ಅವರ ಹಣದ ಬಲದ ಮೇಲೆ ಪುಸ್ತಕ ತಂದರು. ಚಂದಾ ಕಟ್ಟಿದವನು ಕಾಯ್ತಾನೆ, ಚೆನ್ನಾಗಿಲ್ಲದಿದ್ದರೆ ಮುಂದಿನ ವರ್ಷ ಕಟ್ಟಲ್ಲ. ಇನ್ನೊಂದು ಕಡೆ ಕೀರ್ತಿನಾಥ ಕುರ್ತಕೋಟಿ ಅಂಥವರು ಸಾಹಿತ್ಯ ಸಲಹೆಗಾರರಾಗಿ ಕೂತಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ "ಯಯಾತಿ" 1961ರಲ್ಲಿ ಬಂದಿದ್ದು ಅಲ್ಲಿಂದ. ಮುಂದೆ ಚಂದಾದಾರ, ಹಿಂದೆ ಕುರ್ತಕೋಟಿ. ನನ್ನ ಪುಸ್ತಕಕ್ಕೆ ಮುಂದೆ ಉಪ್ಪಿಟ್ಟು, ಹಿಂದೆ ಫಾರಂ ಲೆಕ್ಕ :-(

ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಅಚ್ಚುಕೂಟ ಇಟ್ಟುಕೊಂಡು ಪುಸ್ತಕ ಪ್ರಕಟಿಸಿದರು. ತೇಜಸ್ವಿ ಮೂಡಿಗೆರೆಯಲ್ಲಿ ಕೂತು "ಪುಸ್ತಕ ಪ್ರಕಾಶನ" ನಡೆಸಿದರು. ಹಾಗಾಗಿ ಸ್ವಂತ ದುಡ್ಡಲ್ಲಿ ಪುಸ್ತಕ ಮಾಡೋದು ಅವಮಾನ ಅಂತ ನಾನು ಹೇಳ್ತಿಲ್ಲ. ಕನ್ನಡದ ದೊಡ್ಡ ದೊಡ್ಡ ಲೇಖಕರೇ ತಮ್ಮ ಪ್ರಕಾಶಕರೂ ಆಗಿದ್ದರು. ಆದರೆ ಅವರ ಪುಸ್ತಕಗಳು ಗುರುತು ಪರಿಚಯ ಇಲ್ಲದ ಜನರ ಕೈಗೆ ಹೋದವು. ನಮ್ಮೂರಿನ ಕಿರಾಣಿ ಅಂಗಡಿಯವರ ಮನೆಯಲ್ಲಿ "ಕರ್ವಾಲೊ" ಇತ್ತು. ತೇಜಸ್ವಿಯವರಿಗೂ ಅವರಿಗೂ ಏನು ನೆಂಟಸ್ತನ?

ನಮ್ಮದೇ ಕಸುಬಿನವರ ಉದಾಹರಣೆ ಬೇಕಾದರೆ ವಸುಧೇಂದ್ರ. ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡೇ ಕಥೆ ಬರೆದವರು. ಛಂದ ಪುಸ್ತಕ ಅಂತ ಪ್ರಕಾಶನ ಮಾಡಿ, ಹೊಸ ಕಥೆಗಾರರಿಂದ ಹಸ್ತಪ್ರತಿ ತರಿಸಿ, ಸ್ಪರ್ಧೆಯಲ್ಲಿ ಆಯ್ಕೆ ಮಾಡಿಸಿ ಮೊದಲ ಸಂಕಲನ ತರ್ತಾರೆ. ಆಯ್ಕೆ ಅಂದರೇನೇ "ಬೇಡ" ಅನ್ನೋದು. ಒಂದಕ್ಕೆ ಹೂಂ ಅನ್ನಬೇಕಾದರೆ ಮಿಕ್ಕಿದ್ದಕ್ಕೆ ಬೇಡ ಅನ್ನಲೇಬೇಕು. ನನ್ನ ಪುಸ್ತಕ ಅಂಥ ಯಾವ "ಬೇಡ"ವನ್ನೂ ದಾಟಿ ಬರಲಿಲ್ಲ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಇಲ್ಲಿ ಕುಣಿದಾಡಿದೆವು. ನಾನೂ ಕುಣಿದೆ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ ಸಂಕಲನದಲ್ಲಿ ಇರೋದು 12 ಕಥೆ. ಅವು 1990ರಿಂದ 2023ರವರೆಗೆ ಬರೆದ ಕಥೆಗಳು. ಮೂವತ್ತಮೂರು ವರ್ಷದಿಂದ ಆರಿಸಿದ ಹನ್ನೆರಡು! ನನ್ನ ಸಂಕಲನದಲ್ಲೂ ಹನ್ನೆರಡೇ ಕಥೆ. ಎರಡೂವರೆ ವರ್ಷದಲ್ಲಿ ಬರೆದಿದ್ದು. ಹನ್ನೆರಡನೆಯದು ಎರಡೇ ದಿನದಲ್ಲಿ.

"ಹಾಗಾದ್ರೆ ದುಡ್ಡಿರೋರು ಮಾತ್ರ ಓದಬೇಕಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಲ್ಲ. ನಾನೇ ಬಿಟ್ಟಿ ಓದಿ ಬೆಳೆದವನು. ನಮ್ಮಪ್ಪ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಕೊಡಿಸಿದ ನೆನಪಿಲ್ಲ. ಕಾರಂತ, ತ್ರಿವೇಣಿ, ಭೈರಪ್ಪ ಎಲ್ಲಾ ಊರಿನ ಸಾರ್ವಜನಿಕ ಗ್ರಂಥಾಲಯದ್ದು. ಕರ್ನಾಟಕದಲ್ಲಿ ಇದಕ್ಕೆ ಅಂತಲೇ 1965ರ ಕಾಯ್ದೆ ಇದೆ, ಮನೆ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ತೀವಿ. ಆದರೆ ಅಲ್ಲಿ ಏನಾಗುತ್ತೆ ನೋಡಿ. ಹತ್ತು ಪುಸ್ತಕ ತೆಗೆದು, ಒಂಬತ್ತನ್ನು ಅಲ್ಲೇ ಇಟ್ಟು, ಒಂದನ್ನು ಬಗಲಲ್ಲಿ ಇಟ್ಟುಕೊಂಡು ಬರ್ತೀವಿ. ಆ ಒಂದನ್ನು ಆರಿಸಿದ್ದು ನಾವು. ಬೇಜಾರಾದರೆ ಮಾರನೇ ದಿನ ವಾಪಸ್. ಲೇಖಕ ಬಂದು "ಓದಿದ್ರಾ?" ಅಂತ ಕೇಳಲ್ಲ. ಹಾಗಾಗಿ ವಿಷಯ ದುಡ್ಡಿನದಲ್ಲ, ಆರಿಸಿಕೊಳ್ಳೋದರದ್ದು. ಪುಸ್ತಕದ ಹತ್ತಿರ ಓದುಗ ತಾನಾಗಿ ಬರಬೇಕು. ದುಡ್ಡು ಕೊಟ್ಟು ಬರಲಿ, ಲೈಬ್ರರಿ ಕಾರ್ಡ್ ಹಿಡಿದು ಬರಲಿ, ಪಕ್ಕದ ಮನೆಯವರಿಂದ ಸಾಲ ತಂದು ಓದಲಿ. ನಾವು ಅಟ್ಟಿಸಿಕೊಂಡು ಹೋಗಿ ಕೈಗೆ ತುರುಕಬಾರದು.

ಇನ್ನೊಂದು ಮಾತು. ಆಫೀಸಿನಲ್ಲಿ ಕೋಡ್ ರಿವ್ಯೂ ಇಲ್ಲದೆ ನಾನು ಬರೆದ ಹತ್ತು ಸಾಲು ಕೂಡ ಮುಂದಕ್ಕೆ ಹೋಗಲ್ಲ. ಪಕ್ಕದ ಸೀಟಿನವನು ನನ್ನ ಜೊತೆ ಊಟ ಮಾಡೋನೇ, ಆದರೂ ತಪ್ಪು ಕಂಡರೆ ಮುಲಾಜಿಲ್ಲದೆ ವಾಪಸ್ ಕಳಿಸ್ತಾನೆ. ಯಾರಿಗೂ ಬೇಜಾರಿಲ್ಲ, ಮಧ್ಯಾಹ್ನ ಮತ್ತೆ ಒಟ್ಟಿಗೇ ಊಟ. ಸಂಬಳಕ್ಕೆ ಬರೆಯೋ ಹತ್ತು ಸಾಲಿಗೆ ಇರೋ ಈ ಮರ್ಯಾದೆ, ಪ್ರೀತಿಯಿಂದ ಬರೆದ 144 ಪುಟಕ್ಕೆ ಯಾಕಿಲ್ಲ? ಇಲ್ಲಿ ನಾವು ಒಬ್ಬರಿಗೊಬ್ಬರು "ಚೆನ್ನಾಗಿದೆ, ಮುಂದುವರಿಸಿ" ಅಂದುಕೊಂಡು ಎಷ್ಟು ವರ್ಷ ಆಯ್ತು! ನನಗೂ ಎಷ್ಟೋ ಜನ ಅಂದಿದ್ದೀರಿ. ಅದನ್ನು ನಂಬಿಕೊಂಡೇ ನಾನು ಮುಂದುವರಿಸಿದ್ದು, ಈಗ ಮಂಚದ ಕೆಳಗೆ ಡಬ್ಬ :-)

ಹಾಗಾಗಿ ನನ್ನ ಮಟ್ಟಿಗೆ ಕೆಲವು ನಿಯಮ ಹಾಕಿಕೊಂಡಿದ್ದೀನಿ. ಇನ್ನು ಮೇಲೆ ಗೆಳೆಯರ ಪುಸ್ತಕ ಬಂದರೆ ಅಂಕಿತಕ್ಕೋ ನವಕರ್ನಾಟಕಕ್ಕೋ ಹೋಗಿ ದುಡ್ಡು ಕೊಟ್ಟು ತಗೊಳ್ತೀನಿ. ಗೌರವ ಪ್ರತಿ ಕಳಿಸಬೇಡಿ. ಕೊಂಡಿದ್ದನ್ನು ಪೂರ್ತಿ ಓದದೆ ಒಂದಕ್ಷರ ಬರೆಯಲ್ಲ. ಓದಿದರೆ ಯಾವ ಪುಟದಲ್ಲಿ ಮುಗ್ಗರಿಸಿದೆ ಅಂತ ಮೊದಲು ನಿಮಗೇ ಹೇಳ್ತೀನಿ. ನನ್ನ ಹಸ್ತಪ್ರತಿಯನ್ನು ಅಚ್ಚಿಗೆ ಕೊಡೋ ಮುಂಚೆ, "ಬೇಡ" ಅನ್ನೋ ತಾಕತ್ತಿರೋ ಮೂವರಿಗೆ ಓದೋಕೆ ಕೊಡ್ತೀನಿ. ಅದರಲ್ಲಿ ಒಬ್ಬರು ಯಾರು ಅಂತ ನಿಮಗೆ ಗೊತ್ತಾಗಿರಬೇಕು. ಪ್ರಿಂಟ್ ತೆಗೆಯೋದೂ ಅವರೇ. ಓದಿದ್ದಕ್ಕೆ ಚಾರ್ಜ್ ಮಾಡ್ತಾರಾ ಅಂತ ಇನ್ನೂ ಕೇಳಿಲ್ಲ.

ಇನ್ನು ಮಂಚದ ಕೆಳಗಿನ 319. ಹಂಚಲ್ಲ. ರದ್ದಿಗೂ ಹಾಕಲ್ಲ. ತಿಂಗಳಿಗೆ ಎರಡು ಮೂರು ಹೋದರೂ ಸಾಕು, ಕೇಳಿದವರಿಗೆ, ಕೊಂಡವರಿಗೆ ಹೋಗಲಿ. ಪ್ರತಿಯೊಂದರಲ್ಲೂ ಎಪ್ಪತ್ತನೇ ಪುಟದಲ್ಲಿ "ಸರೋಜ"ಳನ್ನು ಪೆನ್ನಿನಲ್ಲಿ ಹೊಡೆದು "ಸಾವಿತ್ರಿ" ಅಂತ ಬರೀತಾ ಇದ್ದೀನಿ. ರಾತ್ರಿಗೆ ಹದಿನೈದು ಇಪ್ಪತ್ತು ಪ್ರತಿ ಆಗುತ್ತೆ. ಕೈ ನೋವು ಬರುತ್ತೆ, ಆದರೆ ಒಂದು ತಪ್ಪು ಎಷ್ಟು ಸಲ ಅಚ್ಚಾಗುತ್ತೆ ಅನ್ನೋದು ಈಗ ಬೆರಳಿಗೂ ಗೊತ್ತಾಗಿದೆ.

ಆ ಕೊನೇ ಕಥೆಯನ್ನು ಮತ್ತೆ ಬರೀತಿದ್ದೀನಿ. ಹುಡುಗ ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದಾನೆ, ಊರಿಗೆ ಹೋಗೋ ಬಸ್ಸು ನಿಂತಿದೆ. ಹತ್ತುತ್ತಾನೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಈ ಸಲ ಪುಟದ ಲೆಕ್ಕ ಇಲ್ಲ, ಗೊತ್ತಾಗೋವರೆಗೆ ಕಾಯ್ತೀನಿ.

ನೀವೇನಂತೀರಿ? ನಿಮ್ಮ ಕಪಾಟಿನಲ್ಲಿ ಎಷ್ಟು ಗೌರವ ಪ್ರತಿ ಇದೆ, ಅದರಲ್ಲಿ ಓದಿದ್ದೆಷ್ಟು, ಒಮ್ಮೆ ಎಣಿಸಿ ನೋಡಿ. ನನ್ನ ಪುಸ್ತಕವೂ ಅಲ್ಲಿದ್ದರೆ ಸಂಕೋಚ ಬೇಡ, ಓದಿಲ್ಲ ಅಂತಲೇ ಹೇಳಿ. ಓದಿದ್ದರೆ ಬೈಯಿರಿ. ಒಂದೇ ವಿನಂತಿ, ದಯವಿಟ್ಟು ಈ ಬರಹದ ಕೆಳಗೆ "ಚೆನ್ನಾಗಿದೆ, ಮುಂದುವರಿಸಿ" ಅಂತ ಮಾತ್ರ ಬರೀಬೇಡಿ :-)